ಬೇಡ ಅನ್ನುವ ಗುಂಡಿ

ನ್ಯಾಯಾಧೀಶೆಯಾಗಿ ನಿವೃತ್ತಳಾದ ಮೇಲೂ ಅವಳು ಎಲ್ಲರಿಗೂ ಜಡ್ಜಮ್ಮನೇ. ಅವಳ ಮಾತೆಂದರೆ ಕಲ್ಲಿನಲ್ಲಿ ಕೊರೆದಂತೆ ಎಂದು ಜನ ನಂಬಿದ್ದರು. ಆ ನಂಬಿಕೆಯನ್ನೇ ಹುಡುಕಿಕೊಂಡು ಹೊಸದೊಂದು ಕ್ರಿಪ್ಟೋ ಕಂಪನಿ ಬಂತು. ತಮ್ಮ ಡಿಜಿಟಲ್ ನಾಣ್ಯವಾದ ಟೋಕನ್ ಕೊಳ್ಳಲು ಜನ ಹಾಕಿದ ಹಣ ಸ್ವತಂತ್ರ ಮೇಲ್ವಿಚಾರಕಿಯೊಬ್ಬಳು ಒಪ್ಪಿದರಷ್ಟೇ ಕಂಪನಿಯ ಕೈ ಸೇರುತ್ತದೆ, ಇಲ್ಲದಿದ್ದರೆ ಬೀಗದಲ್ಲೇ ಇರುತ್ತದೆ ಎಂದರು. ಆ ಮೇಲ್ವಿಚಾರಕಿಯಾಗಲು ಜಡ್ಜಮ್ಮ ಒಪ್ಪಿದಳು. ಜಾಹೀರಾತಿನಲ್ಲಿ ಅವಳ ಫೋಟೋ ಬಂತು. ಅದನ್ನು ನೋಡಿ ತಂಗಿ, ತಂಗಿಯ ಗಂಡ ತಮ್ಮ ಉಳಿತಾಯವನ್ನೆಲ್ಲ ಅದಕ್ಕೇ ಸುರಿದರು.

ಟೋಕನ್ ಬಿಡುಗಡೆಯ ಹಿಂದಿನ ದಿನ ಕಚೇರಿಯಲ್ಲಿ ಹುಸಿ ಹಣ ಇಟ್ಟು ತಾಲೀಮು. 'ಒಪ್ಪಿಗೆ' ಗುಂಡಿ ಒತ್ತುವುದನ್ನು ಅವಳಿಗೆ ಮತ್ತೆ ಮತ್ತೆ ಹೇಳಿಕೊಟ್ಟರು.

"ಒಂದ್ಸಲ ಬೇಡ ಅಂತ ಒತ್ತಿ ನೋಡ್ಲಾ?" ಎಂದಳು.

ಮಾಲೀಕ ನಕ್ಕ. "ಒಳ್ಳೆ ಕೆಲಸಕ್ಕೆ ಮುಂಚೆ ಯಾಕೆ ಮೇಡಂ ಅಪಸ್ವರ?"

"ಬೀಗ ಹಾಕಿದ ಮೇಲೆ ಎಳೆದು ನೋಡಲ್ವೇನಪ್ಪ? ಅಷ್ಟೇ."

ಒತ್ತಿದಳು. ಪರದೆಯ ಮೇಲೆ 'ತಿರಸ್ಕೃತ' ಎಂದು ಕೆಂಪಕ್ಷರ ಮೂಡಿತು. ಅವಳು ಉಸಿರು ಬಿಡುವಷ್ಟರಲ್ಲಿ ಅದರ ಕೆಳಗೇ ಇನ್ನೊಂದು ಸಾಲು: 'ಹಣ ವರ್ಗಾವಣೆ ಪೂರ್ಣ'.

ಪ್ರೋಗ್ರಾಂ ಬರೆದ ಹುಡುಗಿ ತನ್ನ ಉಗುರು ನೋಡಿಕೊಳ್ಳುತ್ತ ನಿಂತಳು.

"ಅದು ತುರ್ತಿಗೆ ಅಂತ ಇಟ್ಟ ಹಿಂಬಾಗಿಲು," ಎಂದ ಮಾಲೀಕ. "ನೀವು ಸಿಗದೆ ಹೋದ್ರೆ ಕೆಲಸ ನಿಲ್ಲಬಾರದಲ್ಲ."

"ಹಾಗಾದ್ರೆ ನಾನ್ಯಾಕೆ ಬೇಕು?"

"ಜನಕ್ಕೆ ಒಂದು ಧೈರ್ಯ ಇರಲಿ ಅಂತ."

"ಅದನ್ನ ಮುಚ್ಚಿಸಿ."

"ನಾಳೆ ಆಗ್ಲಿ ಮೇಡಂ. ಆಮೇಲೆ ನೋಡೋಣ."

ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ಕೂತಳು. ತಂಗಿಗೆ ಫೋನ್ ಮಾಡಿ, ನಡೆದದ್ದನ್ನು ಹೇಳಿ, ಹಣ ವಾಪಸ್ ಕೇಳು ಎಂದಳು.

"ನಿನ್ನ ಮುಖ ನೋಡಿ ತಾನೇ ಅಕ್ಕ ಹಾಕಿದ್ದು? ಈಗ ಕೇಳಿದ್ರೆ ಅರ್ಧವೂ ಬರಲ್ಲ. ನಾಳೆ ಬೆಲೆ ಏರುತ್ತಂತೆ. ನಾವು ಮಾರಿ ಹೊರಗೆ ಬರೋ ತನಕ ಸುಮ್ನಿರು."

ಜಡ್ಜಮ್ಮ ಫೋನ್ ಇಟ್ಟಳು. ತಂಗಿಯಿಂದ ಯಾರು ಕೊಳ್ಳುತ್ತಾರೆ? ಅವರೂ ತನ್ನದೇ ಫೋಟೋ ನೋಡಿ ಬಂದವರು. ಮೊದಲು ತನ್ನವರಿಗಷ್ಟೇ ಹೇಳಹೊರಟೆನಲ್ಲ ಎಂದು ತನ್ನನ್ನೇ ಹಳಿದುಕೊಂಡಳು. ಮನೆಗೆ ಹೋದರೂ ಊಟ ಸೇರಲಿಲ್ಲ.

ಬೆಳಿಗ್ಗೆ ನೇರಪ್ರಸಾರ. ಎರಡು ಒಳ್ಳೆ ಮಾತಾಡಲು ಅವಳ ಕೈಗೆ ಮೈಕ್ ಕೊಟ್ಟರು. ಅವಳು ಎದ್ದು ನಿಂತಳು.

"ನಾನು ಬೇಡ ಅಂದ್ರೂ ನಿಮ್ಮ ಹಣ ಹೋಗುತ್ತೆ. ನಿನ್ನೆ ಒತ್ತಿ ನೋಡಿದೆ. ನನ್ನನ್ನು ನಂಬಿ ಯಾರೂ ಕೊಳ್ಳಬೇಡಿ."

ಪ್ರಸಾರ ಅಲ್ಲಿಗೇ ನಿಂತಿತು. ಆದರೆ ಆಡಿದ ಮಾತು ಆಗಲೇ ಊರೆಲ್ಲ ಹಬ್ಬಿತ್ತು. ಕೊಂಡವರು ಕಚೇರಿಗೆ ಮುತ್ತಿಗೆ ಹಾಕಿದರು, ಬಿಡುಗಡೆ ರದ್ದಾಯಿತು. ಅಷ್ಟು ಕಣ್ಣುಗಳ ಎದುರು ಹಣ ಮುಟ್ಟುವ ಧೈರ್ಯವಾಗದೆ ಕಂಪನಿ ಅದನ್ನು ಹಿಂತಿರುಗಿಸತೊಡಗಿತು. ಜಡ್ಜಮ್ಮನಿಗೆ ಮಾತ್ರ ವಕೀಲರ ನೋಟಿಸು, ಜೊತೆಗೆ ಲಾಭ ಕೈತಪ್ಪಿದವರ ಬೈಗುಳ.

ವಾರದ ಮೇಲೆ ತಂಗಿಯಿಂದ ಒಂದೇ ಪದದ ಸಂದೇಶ: "ಬಂತು."

"ಊಟ ಆಯ್ತಾ?" ಎಂದು ಜಡ್ಜಮ್ಮ ಬರೆದಳು. ಉತ್ತರ ಬರಲಿಲ್ಲ. ಅವಳು ಫೋನನ್ನು ಮಡಿಲಲ್ಲೇ ಇಟ್ಟುಕೊಂಡು ಕಾದಳು.