ಶಾಡ್ರಾಕನ ಪ್ರಾಯಶ್ಚಿತ್ತ

ಕೆಲವು ಪಾಪಗಳನ್ನು ಯೇಸುವಿನ ರಕ್ತವೂ ತೊಳೆಯದು, ಪಾಪಿಯ ರಕ್ತವೇ ನೆಲಕ್ಕೆ ಬೀಳಬೇಕು ಎಂಬ ಭಾನುವಾರದ ಪ್ರವಚನ ಕೇಳಿದ ಮೇಲೆ ಶಾಡ್ರಾಕನಿಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಯೂಟಾದ ಆ ಒಣಕಣಿವೆಯಲ್ಲಿ ನೀರು ಕದಿಯುವುದಕ್ಕಿಂತ ದೊಡ್ಡ ಪಾಪ ಯಾವುದಿದೆ? ಜನವರಿಯ ಚಳಿಯಲ್ಲೇ ಹೊಲಮನೆ ನೋಡಿಕೊಳ್ಳುತ್ತಲೇ ಊರಿನ ಸಭೆ ನಡೆಸುವ ಬಿಷಪ್ ಆಲ್ಫಿಯಸನ ಅಂಗಳಕ್ಕೆ ಓಡಿ, ಮಂಡಿಯೂರಿ ಕುತ್ತಿಗೆ ಒಡ್ಡಿದ.

"ಹೋದ ಬೇಸಿಗೇಲಿ ಪಕ್ಕದ ಹೊಲದೋರ ಸರದೀಲಿ ಕಾಲುವೆ ನೀರನ್ನ ನಮ್ಮ ಆಲೂಗಡ್ಡೆಗೆ ತಿರುಗಿಸ್ಕೊಂಡಿದ್ದೆ ಬಿಷಪ್ಪರೇ. ಕತ್ತರಿಸ್ಬಿಡಿ!"

ಹಂದಿಗೆ ಕಲಗಚ್ಚು ಸುರಿಯುತ್ತಿದ್ದ ಬಿಷಪ್ ತಿರುಗಿಯೂ ನೋಡಲಿಲ್ಲ. "ಏಳಯ್ಯ ಮೇಲೆ. ಆಲೂಗಡ್ಡೆಗೆಲ್ಲ ಯಾರಾದ್ರೂ ರಕ್ತ ಕೊಡ್ತಾರಾ? ಇನ್ನೊಂದ್ಸಲ ದೀಕ್ಷಾಸ್ನಾನ ಮಾಡಿದ್ರೆ ಸಾಕು. ಹೊಳೇಲಿ ತಲೆ ಸಮೇತ ಮುಳುಗಿಸ್ತೀನಿ. ತಡಿ, ಕೊಡಲಿ ತರ್ತೀನಿ."

"ಸ್ನಾನಕ್ಕೆ ಕೊಡಲಿ ಯಾಕೆ?"

"ಮಂಜುಗಡ್ಡೆ ಒಡೀಬೇಡ್ವಾ?"

ಶಾಡ್ರಾಕ ಬೆಳ್ಳಗೆ ಹೆಪ್ಪುಗಟ್ಟಿದ ಹೊಳೆಯನ್ನೊಮ್ಮೆ ನೋಡಿದ. ಎದ್ದವನು ಮತ್ತೆ ಮಂಡಿಯೂರಿದ.

"ಬಿಷಪ್ಪರೇ, ಹೇಳೋದು ಮರೆತಿದ್ದೆ. ಒಂದು ಕೊಲೇನೂ ಮಾಡಿದ್ದೀನಿ."