ಹೂಕುಂಡದ ಕೆಳಗಿನ ಕೊಳಲುಗಾರ

ಬ್ರಿಸ್ಬೇನಿನಲ್ಲಿ ಎಂಜಿನಿಯರಾಗಿರುವ ನಾಗೇಂದ್ರನಿಗೆ ಒಂದೇ ಹುಚ್ಚು: ಚೀನಾದ ಹಳೆಯ ಕಲ್ಲಿನ ಕೆತ್ತನೆಗಳು. ಫಾರೆಸ್ಟ್ ಲೇಕ್ ಬಡಾವಣೆಯ ಅವನ ಮನೆಯಲ್ಲಿ ಟಿವಿ ಇರಬೇಕಾದ ಜಾಗದಲ್ಲಿ ಕಲ್ಲಿನ ಸಿಂಹಗಳು ಕೂತಿದ್ದವು. ಹೆಂಡತಿ ನಾಗವೇಣಿ ಅವುಗಳ ಧೂಳು ಒರೆಸುತ್ತಿದ್ದಳು, ಅಷ್ಟೆ. ಅವಳು ಕೋಲಾರದ ಕಡೆಯ ಶಿಲ್ಪಿಯ ಮಗಳು. ಕಲ್ಲಿನ ಪುಡಿಯಲ್ಲೇ ಆಡಿ ಬೆಳೆದು, ಇನ್ನು ಸಾಕಪ್ಪ ಅಂದುಕೊಂಡವಳು.

ಕಳೆದ ಮಾರ್ಚ್‌ನಲ್ಲಿ ನಾಗೇಂದ್ರ ಪರ್ತ್‌ಗೆ ಹೋಗಿ ಬೋಧಿಸತ್ವನ ತಲೆಯೊಂದನ್ನು ತಂದ. ಸಾವಿರದ ಮುನ್ನೂರು ವರ್ಷ ಹಳೆಯದಂತೆ. ಮೇಜಿನ ಮೇಲಿಟ್ಟು ಹೆಂಡತಿಯ ಮುಖ ನೋಡಿದ. ನಾಗವೇಣಿ ಆ ತಲೆಯ ಕಿವಿಯ ಹಿಂದೆ ಹೆಬ್ಬೆರಳು ಆಡಿಸಿದಳು.

“ರೀ, ಇಲ್ಲಿ ಉಳಿ ಬಿದ್ದೇ ಇಲ್ಲ. ಮೆಷಿನ್ ಚಕ್ರ ಓಡಿದೆ. ಗೆರೆ ಎಲ್ಲಾ ಒಂದೇ ಅಳತೆ, ನೋಡಿ.”

“ಚೀನಾದ್ದು ನಿಂಗೇನು ಗೊತ್ತು?”

“ಚೀನಾದ್ದು ಗೊತ್ತಿಲ್ಲ. ಕಲ್ಲು ಗೊತ್ತು.”

ನಾಗೇಂದ್ರ ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ಬಲ್ಲವರೊಬ್ಬರಿಗೆ ತೋರಿಸಿದ. ಅವರೂ ಅದನ್ನೇ ಹೇಳಿದರು. ಸಂಜೆ ಮನೆಗೆ ಬಂದವನೇ, “ಅಡಿಲೇಡ್‌ನಲ್ಲಿ ಒಬ್ಬ ಹಿರಿಯರು ತಮ್ಮ ಸಂಗ್ರಹ ಬಿಟ್ಟುಕೊಡ್ತಾರಂತೆ. ನೀನೂ ಬಾ,” ಎಂದ. ಮದುವೆಯಾದ ಹದಿನೆಂಟು ವರ್ಷದಲ್ಲಿ ಕಲ್ಲಿನ ವಿಷಯಕ್ಕೆ ಅವಳನ್ನು ಕರೆದದ್ದು ಅದೇ ಮೊದಲು.

ಆ ಹಿರಿಯರ ಹೆಸರು ಲಿಯಾಂಗ್. ಅಡಿಲೇಡ್‌ನ ಬೆಡ್‌ಫರ್ಡ್ ಪಾರ್ಕ್ ಬಡಾವಣೆಯ ಅವರ ಗ್ಯಾರೇಜಿನಲ್ಲಿ ನಿಂತಿದ್ದ ಆಳೆತ್ತರದ ದ್ವಾರಪಾಲಕನ ಮುಂದೆ ನಾಗೇಂದ್ರ ಮೈಮರೆತ. ಹಿತ್ತಿಲಿಗೆ ಹೋದ ನಾಗವೇಣಿ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಹೂಕುಂಡವೊಂದಕ್ಕೆ ಆಸರೆಯಾಗಿದ್ದ ಮೊಳದುದ್ದದ ಕಲ್ಲಿನಲ್ಲಿ ಒಬ್ಬ ಕೊಳಲುಗಾರನಿದ್ದ. ಮೂಗು ಸವೆದಿತ್ತು, ಉಸಿರು ತುಂಬಿದ ಕೆನ್ನೆ ಮಾತ್ರ ಹಾಗೇ ಉಬ್ಬಿತ್ತು.

ಬಾಟಲಿಯ ನೀರು ಸುರಿದು ಪಾಚಿ ತೊಳೆದಳು. ಬಟ್ಟೆಯ ನೆರಿಗೆಗಳಲ್ಲಿದ್ದ ಉಳಿಯ ಗುರುತುಗಳು ಸಾಮಾನ್ಯವಾಗಿ ವಾಲುವ ದಿಕ್ಕಿಗೆ ಎದುರಾಗಿ ವಾಲಿದ್ದವು.

“ರೀ, ಬೇಗ ಬನ್ನಿ! ಇದನ್ನ ಕೆತ್ತಿದವನು ಎಡಚ. ನಮ್ಮಪ್ಪಂದೂ ಸುತ್ತಿಗೆ ಎಡಗೈಲೇ. ಅವ್ರ ಏಟೂ ಹಿಂಗೇ ವಾಲ್ತಿತ್ತು...” ಎನ್ನುತ್ತಾ ಆ ಗೆರೆಗಳ ಮೇಲೆ ಬೆರಳಾಡಿಸಿದಳು.

ನಾಗೇಂದ್ರ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಲಿಯಾಂಗ್ ಕುಂಡ ಪಕ್ಕಕ್ಕಿಟ್ಟು, ಮಂಡಿಯೂರಿ, ಆ ಗೆರೆಗಳ ಮೇಲೆ ತಾವೂ ಬೆರಳಾಡಿಸಿದರು. ಅವರ ಅಜ್ಜ ಚೀನಾದಿಂದ ಹಡಗಿನಲ್ಲಿ ತಂದ ಕಲ್ಲಂತೆ, ಕಾಗದಪತ್ರಗಳೂ ಇದ್ದವು. ಒಡೆದದ್ದೆಂದು ಇದುವರೆಗೆ ಯಾರೂ ಕಣ್ಣೆತ್ತಿ ನೋಡಿರಲಿಲ್ಲ. ದ್ವಾರಪಾಲಕನನ್ನು ತೋಟದ ಅಲಂಕಾರಕ್ಕೆಂದು ಮೊನ್ನೆ ಮೊನ್ನೆ ಕೊಂಡದ್ದೆಂದು ನಗುತ್ತಾ ಒಪ್ಪಿಕೊಂಡರು.

ಕೊಳಲುಗಾರ ಈಗ ಫಾರೆಸ್ಟ್ ಲೇಕ್‌ನ ಮನೆಯ ಕಿಟಕಿಯ ಬಳಿ ಇದ್ದಾನೆ. ಯಾರಾದರೂ ಊಟಕ್ಕೆ ಬಂದರೆ ನಾಗೇಂದ್ರ, “ಹುಡುಕಿದ್ದು ನಾನಲ್ಲ, ನಮ್ಮನೆಯವಳು. ಅವಳನ್ನೇ ಕೇಳಿ,” ಎಂದು ತಾನು ಒಲೆಯ ಮುಂದೆ ನಿಲ್ಲುತ್ತಾನೆ. ನಾಗವೇಣಿ ಅಪ್ಪನ ಕೈ ಹೇಗೆ ಆಡುತ್ತಿತ್ತೆಂದು ತೋರಿಸತೊಡಗುತ್ತಾಳೆ. ಒಳಗೆ ಚಪಾತಿ ಸೀದ ವಾಸನೆ ಬಂದರೂ ಯಾರೂ ಏಳುವುದಿಲ್ಲ.