ದ್ವೀಪಕ್ಕೆ ಹನ್ನೊಂದು ಜನ

ಇಪ್ಪತ್ತೆಂಟು ವರ್ಷ ಹಿಟ್ಟಿನ ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಮಲ್ಲಿಕಾಂಬಳ ದನಿ ದೊಡ್ಡದಾಗಿತ್ತು. ಆಸೆ ಮಾತ್ರ ಸಣ್ಣದು. ಮೆಡಿಟರೇನಿಯನ್ ಸಮುದ್ರದಲ್ಲಿ, ಗ್ರೀಸ್ ದೇಶಕ್ಕೆ ಸೇರಿದ ಒಂದು ಪುಟ್ಟ ದ್ವೀಪದ ಮರಳಿನ ಮೇಲೆ ಗಂಡನ ಜೊತೆ ಎಂಟು ದಿನ ಸುಮ್ಮನೆ ಕೂತಿರಬೇಕು. ಪಾಸ್‌ಪೋರ್ಟ್ ಬಂದಾಗಿತ್ತು. ಮಗಳು ಕೃತಿಕಾ ಫೋನಿನಲ್ಲಿ ತೋರಿಸಿದ ಬಿಳಿ ಗೋಡೆಯ ರೂಮೂ ಒಪ್ಪಿಗೆಯಾಗಿತ್ತು.

ಕೆಡಿಸಿದವನು ಗಂಡ ಓಂಕಾರೇಶ್. ರಾಗಿ ಬೀಸಿಸಲು ಬಂದವರ ಮುಂದೆ ಬಾಯಿಬಿಟ್ಟ. ಅವರ ಊರು ಅಜ್ಜಂಪುರದಲ್ಲಿ ದೂರದ ಊರಿಗೆ ಹೊರಟವರು ಬಾಯಿಬಿಟ್ಟು ಹೇಳಿದರೆ ಕೇಳಿದವರನ್ನೂ ಜೊತೆಗೆ ಕರೆದ ಹಾಗೇ. ಕಾಶಿಗೂ ಹೀಗೇ ಇಬ್ಬರು ಹೊರಟು ಒಂದು ಬಸ್ಸು ತುಂಬಿತ್ತು. ಭಾನುವಾರ ಬೆಳಿಗ್ಗೆ ನೋಡಿದರೆ ತಾವೂ ಬರುತ್ತೇವೆಂದು ಜಗಲಿಯ ಮೇಲೆ ಒಂಬತ್ತು ಜನ. ಓಂಕಾರೇಶನ ತಮ್ಮ ಗುರುಮೂರ್ತಿಯಂತೂ ಬೀರೂರಿನ ಅಡುಗೆಯವನನ್ನೇ ಗೊತ್ತುಮಾಡಿ ಬಂದಿದ್ದ.

"ಬ್ಯಾಡ ಅನ್ನಕ್ಕಾಗುತ್ತೇನೇ?" ಅಡುಗೆಮನೆಯಲ್ಲಿ ಓಂಕಾರೇಶ್ ಪಿಸುಗುಟ್ಟಿದ.

"ನಾನೆಲ್ಲಿ ಬ್ಯಾಡ ಅಂತೀನಿ? ನೀವು ಸುಮ್ನಿರಿ," ಎಂದು ಅವಳು ಕಾಫಿ ತಟ್ಟೆ ಹಿಡಿದು ಹೊರಬಂದಳು.

"ಅತ್ತಿಗೆ, ಅಲ್ಲಿ ಯಾವ ದೇವ್ರು?" ಗುರುಮೂರ್ತಿ ಕೇಳಿದ.

"ನಿನ್ ಕೊರಳಲ್ಲಿರೋ ಲಿಂಗನೇ ಕಣಪ್ಪಾ."

"ಮತ್ತೆ ನೋಡಕ್ಕೆ?"

"ಸಮುದ್ರ."

"ಅದಾದ್ಮೇಲೆ?"

"ಅದೇ ಸಮುದ್ರ, ಇನ್ನೊಂದ್ ಕಡೆಯಿಂದ."

ಎದುರುಮನೆಯ ಸರೋಜಮ್ಮ ಲೋಟ ಕೆಳಗಿಟ್ಟರು. "ಸೀರೆ ಅಂಗಡಿ?"

"ಒಂದೂ ಇಲ್ಲ ಕಣ್ರೀ. ಒಂದ್ ಬ್ರೆಡ್ ಅಂಗಡಿ ಐತಂತೆ. ಮಧ್ಯಾಹ್ನ ಅದ್ರ ಬಾಗ್ಲೂ ಹಾಕ್ಕೊಂಡು ಮಲಗ್ತಾರಂತೆ."

"ಮತ್ತೆ ಬೆಳಗಿಂದ ಸಂಜೆಗಂಟ ಏನ್ರೀ ಮಾಡೋದು?"

"ಕೂತ್ಕಳೋದು. ಬ್ಯಾಸರ ಆದ್ರೆ ಮಲಗೋದು."

ಗುರುಮೂರ್ತಿಗೆ ರೇಗಿತು. "ಇದ್ಕೆ ಅಷ್ಟ್ ದೂರ ಹೋಗ್ಬೇಕೇನತ್ತಿಗೆ? ಇದೇ ಜಗಲಿ ಮೇಲೆ ಕೂತ್ರಾಗಲ್ವಾ?"

"ಇಲ್ಲಿ ನೀವೆಲ್ಲ ಕೂತಿದ್ದೀರಲ್ಲಪ್ಪಾ!"

ಜಗಲಿಯೆಲ್ಲ ಗೊಳ್ಳೆಂದಿತು. ಆಮೇಲೆ ಒಬ್ಬರಿಗೆ ತೆಂಗಿನಕಾಯಿ ಕೀಳಿಸುವುದು ನೆನಪಾಯಿತು, ಇನ್ನೊಬ್ಬರಿಗೆ ಮಂಡಿನೋವು. ಊಟದ ಹೊತ್ತಿಗೆ ಜಗಲಿ ಖಾಲಿ. ಅಡುಗೆಯವನಿಗೆ ಏನು ಹೇಳಲಿ ಎಂದು ಗೊಣಗುತ್ತ ಗುರುಮೂರ್ತಿ ಕೊನೆಗೆ ಎದ್ದ.

ಮಲ್ಲಿಕಾಂಬ ಲೋಟಗಳನ್ನು ಎತ್ತುತ್ತಿದ್ದಳು. ಕಂಬಕ್ಕೊರಗಿದ್ದ ಓಂಕಾರೇಶನ ಮುಖ ಸಪ್ಪಗಾಗಿತ್ತು.

"ಅಲ್ಲ ಕಣೇ, ನಿಜವಾಗ್ಲೂ ಅಲ್ಲಿ ಏನೂ ಇಲ್ವಾ?"

"ಏನೂ ಇಲ್ಲ."

ಅವನು ಸೊಂಟಕ್ಕೆ ಸಿಕ್ಕಿಸಿದ್ದ ಚೀಲ ಮುಟ್ಟಿ ನೋಡಿಕೊಂಡ. "ಎಲೆಅಡಿಕೆ ಚೀಲನಾದ್ರೂ ತಗಳ್ಲಾ?"

"ತಗಳ್ಳಿ," ಎಂದಳು ಮಲ್ಲಿಕಾಂಬ, ಮೊದಲ ಸಲ ದನಿ ತಗ್ಗಿಸಿ. "ಬಾಯ್ತುಂಬ ಎಲೆ ಇದ್ರೆ ಅಲ್ಲಾದ್ರೂ ಯಾರ್ನೂ ಕರಿಯಲ್ಲ ನೀವು."